ತೋಟದ ಮನೆಯ ಬ್ಯಾಟರಿ ನಡುರಾತ್ರಿ ಕೈಕೊಡುವುದೇಕೆ?

ಆಂಧ್ರದ ಮಡಕಶಿರಾಕ್ಕೆ ಅಂಟಿಕೊಂಡೇ ಇರುವ ಪಾವಗಡ ತಾಲ್ಲೂಕಿನ ತಿರುಮಣಿಯ ಸುತ್ತ ಸುಮಾರು 13,000 ಎಕರೆ ತುಂಬ ಸೋಲಾರ್ ಪ್ಲೇಟುಗಳು. 2,050 ಮೆಗಾವ್ಯಾಟ್ ಸಾಮರ್ಥ್ಯದ ‘ಶಕ್ತಿಸ್ಥಳ’ ಅದು. ಈ ಸೀಮೆಯ ಬಿಸಿಲಿಗೆ ಎಷ್ಟು ಬೆಲೆಯಿದೆ ಎನ್ನಲು ಬೇರೆ ಸಾಕ್ಷಿ ಬೇಕಿಲ್ಲ. ಆದರೆ ಅಲ್ಲಿ ಹುಟ್ಟಿದ ಕರೆಂಟು ದೊಡ್ಡ ಲೈನು ಹಿಡಿದು ಎಲ್ಲಿಗೋ ಹೋಗುತ್ತದೆ. ಇತ್ತ ರೊಳ್ಳದ ಅಡಿಕೆ ತೋಟದ ಮನೆಯಲ್ಲಿ, ಅತ್ತ ರಾಯದುರ್ಗದ ಕಣೇಕಲ್ಲು ಕಡೆಯ ಹೊಲದ ಶೆಡ್ಡಿನಲ್ಲಿ, ರಾತ್ರಿ ಹನ್ನೊಂದಾಗುವ ಹೊತ್ತಿಗೆ ಇನ್ವರ್ಟರ್ ಕುಯ್ಯೋ ಎನ್ನಲು ಶುರುಮಾಡುತ್ತದೆ. ಫ್ಯಾನು ನಿಲ್ಲುತ್ತದೆ, ಹೊರಗಿನ ಬಲ್ಬು ಆರುತ್ತದೆ. ಶೇಂಗಾ ಹೊಲಕ್ಕೆ ಹಂದಿ ನುಗ್ಗುವುದೂ ಗುಡ್ಡದಿಂದ ಕರಡಿ ಇಳಿಯುವುದೂ ಅದೇ ಹೊತ್ತಿಗೆ.

ಊರಾಚೆಯ ಇಂಥ ಮನೆಗಳಿಗೆ ಬರುವುದು ಬಹುಪಾಲು ಪಂಪ್‌ಸೆಟ್ಟಿನ ಲೈನು. ಹಗಲಿನ ಒಂಬತ್ತು ಗಂಟೆಯ ಉಚಿತ ಕರೆಂಟು ಮುಗಿದ ಮೇಲೆ ಬ್ಯಾಟರಿಯೇ ಗತಿ. ಲೈನೇ ಇಲ್ಲದ ಶೆಡ್ಡುಗಳದಂತೂ ಪೂರ್ತಿ ಬ್ಯಾಟರಿ ಬದುಕು. ಟೆಂಪೊ ವ್ಯಾನಿಗೆ ಹಾಸಿಗೆ, ಒಲೆ, ಫ್ರಿಜ್ಜು ಜೋಡಿಸಿಕೊಂಡು ಊರೂರು ತಿರುಗುವ ಕ್ಯಾರವಾನ್ ಸಂಸಾರಗಳ ಪಾಡೂ ಇದೇ. ಹೇಮಾವತಿಯ ಹೆಂಜೇರು ಸಿದ್ಧೇಶ್ವರನ ದರ್ಶನ ಮುಗಿಸಿ ಅಲ್ಲೇ ಎಲ್ಲಾದರೂ ಗಾಡಿ ನಿಲ್ಲಿಸಿ ಮಲಗಿದರೆ ತಿಳಿಯುತ್ತದೆ. 2022ರ ಏಪ್ರಿಲ್‌ನಲ್ಲಿ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ರಾಯದುರ್ಗ ಅನಂತಪುರದಲ್ಲೇ ಉಳಿಯಿತು. ಬಿಸಿಲು, ಧೂಳು, ಕತ್ತಲೆ ಮಾತ್ರ ಎರಡು ಕಡೆಗೂ ಒಂದೇ.

ಬ್ಯಾಟರಿ ಕೈಕೊಟ್ಟಾಗ ಎಲ್ಲರ ಬಾಯಲ್ಲೂ ಬರುವ ಮಾತು ‘ಮಾಲು ಡೂಪ್ಲಿಕೇಟು’. ಕೆಲವೊಮ್ಮೆ ಅದು ನಿಜವೂ ಇರಬಹುದು. ಆದರೆ ಹೆಚ್ಚಿನ ಬ್ಯಾಟರಿಗಳು ಸಾಯುವುದು ದುಡಿದು ದಣಿದಲ್ಲ, ಹೊಟ್ಟೆ ತುಂಬದೆ. ದಿನಾ ಅರೆಹೊಟ್ಟೆಯಲ್ಲಿ ಉಳಿದ ಬ್ಯಾಟರಿಗೆ ಪಕ್ಕದಲ್ಲಿ ಇನ್ನೊಂದು ಬ್ಯಾಟರಿ ತಂದು ಕೂಡಿಸಿದರೆ ಇಬ್ಬರೂ ಉಪವಾಸ. ಒಂದಿಂಚು ನೀರು ಕೊಡುವ ಬೋರಿಗೆ ಎರಡು ತೊಟ್ಟಿ ಕಟ್ಟಿಸಿದರೆ ಎರಡು ಎಕರೆ ಹೆಚ್ಚು ನೆನೆಯುತ್ತದೆಯೇ?

ಒಳಗೆ ನಡೆಯುವುದೇನು?

ಸೀಸ ಮತ್ತು ಆಸಿಡ್ಡಿನ ಬ್ಯಾಟರಿಯನ್ನು ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ಮಾಡಿ ತೋರಿಸಿದ್ದು 1859ರಲ್ಲಿ. ಇವತ್ತು ಅಂಗಡಿಯಲ್ಲಿ ಸಿಗುವ ಟ್ಯೂಬುಲರ್ ಬ್ಯಾಟರಿಯಲ್ಲೂ ಮೂಲದಲ್ಲಿ ಅದೇ ರಸಾಯನ. ಕರೆಂಟು ಹೊರಗೆ ಹರಿಯುವಾಗ ಒಳಗಿನ ಸೀಸದ ತಗಡುಗಳ ಮೇಲೆ ಸೀಸದ ಸಲ್ಫೇಟು ಕಟ್ಟುತ್ತದೆ. ಚಾರ್ಜ್ ಮಾಡಿದಾಗ ಅದು ಕರಗಿ ಮತ್ತೆ ಆಸಿಡ್ಡಿಗೆ ಸೇರುತ್ತದೆ. ಆ ದಿನವೋ ಮರುದಿನವೋ ಪೂರ್ತಿ ಚಾರ್ಜ್ ಆದರೆ ತೊಂದರೆಯಿಲ್ಲ. ವಾರಗಟ್ಟಲೆ ಅರೆಬರೆ ಉಳಿದರೆ ಆ ಸಲ್ಫೇಟು ಗಟ್ಟಿ ಹರಳಾಗುತ್ತದೆ. ಹರಳಾದ ಭಾಗ ಮತ್ತೆ ಕರಗುವುದಿಲ್ಲ, ಅಷ್ಟು ಜಾಗ ಕೆಲಸಕ್ಕೆ ಬಾರದೆ ಹೋಗುತ್ತದೆ. ಮೇಲೆ 150 ಎಎಚ್ (ಆಂಪಿಯರ್-ಅವರ್) ಎಂದು ಬರೆದಿರುತ್ತದೆ, ಒಳಗೆ ಉಳಿದಿರುವುದು 70.

ಇನ್ನೊಂದು ಗುಣವೂ ಇದೆ. ಬ್ಯಾಟರಿಯ ಮೊದಲ ಮುಕ್ಕಾಲು ಭಾಗ ಬೇಗ ತುಂಬುತ್ತದೆ, ಕೊನೆಯ ಕಾಲು ಭಾಗ ನಿಧಾನ. ಆ ಕೊನೆಯ ಭಾಗಕ್ಕೆ 14.4 ವೋಲ್ಟಿನ ಆಸುಪಾಸಿನಲ್ಲಿ ಎರಡು ಮೂರು ಗಂಟೆ ಬೇಕು. ಪ್ಲೇಟು ಸಣ್ಣದಿದ್ದರೆ ಬ್ಯಾಟರಿ ಅಲ್ಲಿಗೆ ಮುಟ್ಟುವ ಮುಂಚೆಯೇ ಹೊತ್ತು ಮುಳುಗುತ್ತದೆ. ಮರುದಿನ ಮತ್ತೆ ಅದೇ ಕತೆ. ಮಾಲೀಕನ ಕಣ್ಣಿಗೆ ಬೀಳುವುದು ಹಸಿರು ದೀಪ, ‘ಚಾರ್ಜ್ ಆಗ್ತಾ ಐತೆ’ ಎಂಬ ಸಮಾಧಾನ.

ಲೆಕ್ಕದಿಂದ ಶುರುಮಾಡಿ

1. ಖರ್ಚನ್ನು ಬರೆಯಿರಿ. ವ್ಯಾಟನ್ನು ಗಂಟೆಯಿಂದ ಗುಣಿಸಿದರೆ ವ್ಯಾಟ್-ಅವರ್. ಸಾವಿರ ವ್ಯಾಟ್-ಅವರ್ ಸೇರಿದರೆ ಕರೆಂಟು ಬಿಲ್ಲಿನ ಒಂದು ಯೂನಿಟ್. ನಾಲ್ಕು ಜನರ ಒಂದು ತೋಟದ ಮನೆ ಎಂದುಕೊಳ್ಳಿ. 7 ವ್ಯಾಟಿನ ಮೂರು ಎಲ್‌ಇಡಿ ಬಲ್ಬು ಐದು ಗಂಟೆ ಉರಿದರೆ 105. ಅಂಗಳದ 5 ವ್ಯಾಟಿನ ಬಲ್ಬು ರಾತ್ರಿಯಿಡೀ ಹನ್ನೊಂದು ಗಂಟೆ ಉರಿದರೆ 55. ಬಿಎಲ್‌ಡಿಸಿ ಫ್ಯಾನು 28 ವ್ಯಾಟಿನಂತೆ ಒಂಬತ್ತು ಗಂಟೆಗೆ 252. ಎರಡು ಫೋನಿಗೆ 40. ಟಿವಿ ಮತ್ತು ಸೆಟ್‌ಟಾಪ್ ಬಾಕ್ಸು ಸೇರಿ 50 ವ್ಯಾಟು, ಎರಡು ಗಂಟೆಗೆ 100. ಒಟ್ಟು 552.

ಇಲ್ಲಿಗೆ ಮುಗಿಯಿತು ಎಂದುಕೊಂಡವರೇ ಹೆಚ್ಚು. ಪಟ್ಟಿಯಲ್ಲಿ ಯಾರೂ ಬರೆಯದ ಒಬ್ಬ ಗಿರಾಕಿ ಇದ್ದಾನೆ, ಇನ್ವರ್ಟರ್. ಏನೂ ಹಾಕದೆ ಸುಮ್ಮನೆ ಆನ್ ಇಟ್ಟರೂ ಸಾಮಾನ್ಯ ಇನ್ವರ್ಟರ್ 10ರಿಂದ 20 ವ್ಯಾಟ್ ತಿನ್ನುತ್ತದೆ. 15 ಎಂದು ಹಿಡಿದರೂ ದಿನಕ್ಕೆ 360. ಅಂದರೆ ರಾತ್ರಿಯಿಡೀ ತಿರುಗುವ ಫ್ಯಾನಿಗಿಂತ ಹೆಚ್ಚು! ಒಟ್ಟು 912ಕ್ಕೆ ಏರಿತು. ಬಲ್ಬು, ಫ್ಯಾನು, ಫೋನ್ ಚಾರ್ಜರನ್ನು ನೇರ 12 ವೋಲ್ಟ್ ಡಿಸಿಯಲ್ಲೇ ಓಡಿಸಿ, ಟಿವಿಯ ಎರಡು ಗಂಟೆ ಮಾತ್ರ ಇನ್ವರ್ಟರ್ ಹಾಕಿದರೆ ಆ 360 ಇದ್ದದ್ದು 30ಕ್ಕೆ ಇಳಿಯುತ್ತದೆ. ಹೊಸದೇನನ್ನೂ ಕೊಳ್ಳುವ ಮುಂಚೆ ಈ ಒಂದು ಬದಲಾವಣೆ ಮಾಡಿ ನೋಡಿ. ಹಳೆಯ ಸೀಲಿಂಗ್ ಫ್ಯಾನು ಇದ್ದರೆ ಅದನ್ನೂ ಬದಲಿಸಿ, ಅದು 70–75 ವ್ಯಾಟ್ ಎಳೆಯುತ್ತದೆ.

2. ಬ್ಯಾಟರಿಯ ಅರ್ಧ ಮಾತ್ರ ನಿಮ್ಮದು. 12 ವೋಲ್ಟಿನ 150 ಎಎಚ್ ಎಂದರೆ 1,800 ವ್ಯಾಟ್-ಅವರ್. ಸೀಸದ ಬ್ಯಾಟರಿಯಾದರೆ ಅದರಲ್ಲಿ 900 ಮಾತ್ರ ಬಳಸಿ. ದಿನವೂ ತಳ ಮುಟ್ಟಿಸುವ ಬ್ಯಾಟರಿಗಿಂತ ಅರ್ಧಕ್ಕೆ ನಿಲ್ಲಿಸುವ ಬ್ಯಾಟರಿ ಹೆಚ್ಚುಕಡಿಮೆ ಎರಡುಪಟ್ಟು ಸಲ ತುಂಬಿ ಖಾಲಿಯಾಗಬಲ್ಲದು. ಕೊಳ್ಳುವಾಗ ಸಿ10 ಎಂದಿದೆಯೋ ಸಿ20 ಎಂದಿದೆಯೋ ಓದಿ. ಹತ್ತು ಗಂಟೆಯಲ್ಲಿ ಖಾಲಿ ಮಾಡಿ ಅಳೆದದ್ದು ಸಿ10, ಇಪ್ಪತ್ತು ಗಂಟೆಯಲ್ಲಿ ಅಳೆದದ್ದು ಸಿ20. ಬ್ಯಾಟರಿಯಿಂದ ನಿಧಾನಕ್ಕೆ ಎಳೆದಷ್ಟೂ ಹೆಚ್ಚು ಸಿಗುವುದರಿಂದ 150 ಎಎಚ್ ಸಿ20ಗಿಂತ 150 ಎಎಚ್ ಸಿ10 ದೊಡ್ಡ ಬ್ಯಾಟರಿ. ಸೋಲಾರಿಗೆಂದು ಮಾರುವವು ಸಾಮಾನ್ಯವಾಗಿ ಸಿ10.

3. ಆದಾಯವನ್ನು ಕೈಬಿಗಿದು ಲೆಕ್ಕಹಾಕಿ. ಇಲ್ಲಿ ಒಳ್ಳೆಯ ದಿನ ಸುಮಾರು ಐದು ಗಂಟೆಯ ‘ತುಂಬು ಬಿಸಿಲು’ ಎಂದು ಹಿಡಿಯಬಹುದು. ಪ್ಲೇಟಿನ ಬಿಸಿ, ಧೂಳು, ವೈರು, ಬ್ಯಾಟರಿಯ ಒಳಗಿನ ನಷ್ಟ ಎಲ್ಲ ಕಳೆದರೆ ಕೈಗೆ ಹತ್ತುವುದು ನೂರಕ್ಕೆ 65. ಹೀಗಾಗಿ 160 ವ್ಯಾಟಿನ ಪ್ಲೇಟು ಕೊಡುವುದು 520. ಮೇಲಿನ ಮನೆಯ ಕಡಿಮೆ ಮಾಡಿದ ಖರ್ಚಿಗೂ ಅದು ಸಾಲದು. 300 ವ್ಯಾಟಿನದಾದರೆ 975. ಕಡಿಮೆ ಮಾಡಿದ ದಿನದ ಖರ್ಚು ಕಳೆದು ಉಳಿಯುವ ಸುಮಾರು ನಾನೂರು ವ್ಯಾಟ್-ಅವರ್ ಇದೆಯಲ್ಲ, ಬ್ಯಾಟರಿಯ ಆಯಸ್ಸು ಇರುವುದು ಅಲ್ಲಿ. 150 ಎಎಚ್‌ ಬ್ಯಾಟರಿಗೆ 15 ಆಂಪಿಯರ್‌ನಷ್ಟು ಚಾರ್ಜ್ ಬೇಕೆಂಬ ಮೆಕ್ಯಾನಿಕ್ಕುಗಳ ಹತ್ತನೇ ಒಂದು ಪಾಲಿನ ಲೆಕ್ಕಕ್ಕೂ 300 ವ್ಯಾಟು ಸರಿಹೊಂದುತ್ತದೆ. ಕೈಯಲ್ಲಿ ದುಡ್ಡಿದ್ದರೆ ಎರಡನೇ ಬ್ಯಾಟರಿಗೆ ಮುಂಚೆ ಎರಡನೇ ಪ್ಲೇಟು ತನ್ನಿ.

ಮುಂಗಾರಿನ ತಿಂಗಳುಗಳ ಬಗ್ಗೆ ಬೇರೆಯೇ ಹೇಳಬೇಕು. ಜೂನ್‌ನಿಂದ ಆಗಸ್ಟ್‌ವರೆಗೆ ಈ ಸೀಮೆಯಲ್ಲಿ ಮೋಡ ಓಡುತ್ತದೆ, ಗಾಳಿ ಬೀಸುತ್ತದೆ, ಮಳೆ ಮಾತ್ರ ಸೆಪ್ಟೆಂಬರ್‌ವರೆಗೆ ಕಾಯಿಸುತ್ತದೆ. ಮಳೆಯಿಲ್ಲ ಎಂದು ಬಿಸಿಲಿದೆ ಎಂದುಕೊಳ್ಳಬೇಡಿ; ದಟ್ಟ ಮೋಡ ಕವಿದ ದಿನ ಪ್ಲೇಟಿನ ಆದಾಯ ಅರ್ಧಕ್ಕೋ ಅದಕ್ಕೂ ಕೆಳಗೋ ಬೀಳುತ್ತದೆ. ಟಿವಿ ನಿಲ್ಲಿಸುವುದು, ಮನೆಯೊಳಗೆ ಒಂದೇ ಬಲ್ಬು ಉರಿಸುವುದು ಆಗಿನ ದಾರಿ. ಪಂಪಿನ ಲೈನು ಇದ್ದವರು ಹಗಲು ಕರೆಂಟು ಬಂದಾಗ ಇನ್ವರ್ಟರಿನ ಚಾರ್ಜರಿನಿಂದ ವಾರಕ್ಕೊಮ್ಮೆಯಾದರೂ ಪೂರ್ತಿ ತುಂಬಿಸಿಕೊಳ್ಳಿ.

4. ಬೆಳಿಗ್ಗೆ ಅಳೆಯಿರಿ. ಇನ್ನೂರು ಮುನ್ನೂರು ರೂಪಾಯಿಯ ಮಲ್ಟಿಮೀಟರ್ ಒಂದಿರಲಿ. ಬಿಸಿಲು ಪ್ಲೇಟಿಗೆ ಬೀಳುವ ಮುಂಚೆ, ಎಲ್ಲ ಆಫ್ ಮಾಡಿ ಅರ್ಧ ಗಂಟೆ ಬಿಟ್ಟು ವೋಲ್ಟ್ ನೋಡಿ. ಹೊರದೇಶದ ಪಟ್ಟಿಗಳಲ್ಲಿ ತುಂಬಿದ ಬ್ಯಾಟರಿಗೆ 12.7 ಎಂದು ಬರೆದಿರುತ್ತದೆ. ನಮ್ಮ ಕಡೆಯ ಟ್ಯೂಬುಲರ್ ಬ್ಯಾಟರಿಗೆ ಸೆಕೆಗೆ ತಕ್ಕಂತೆ ಆಸಿಡ್ ತೆಳುವಾಗಿ, ಸಾಂದ್ರತೆ 1.240ರ ಸುಮಾರಿಗೆ ಹಾಕಿರುತ್ತಾರೆ. ಅದು ತುಂಬಿದಾಗ ತೋರಿಸುವುದೇ 12.5. ಸುಮಾರು 12.1 ಎಂದರೆ ಅರ್ಧ. 11.8ಕ್ಕೆ ಬಂದರೆ ತಳ. ವಾರದಲ್ಲಿ ಮೂರು ನಾಲ್ಕು ದಿನ 12.1ಕ್ಕಿಂತ ಕೆಳಗಿದ್ದರೆ ಖರ್ಚು ಕಡಿಮೆ ಮಾಡಿ, ಇಲ್ಲವೇ ಪ್ಲೇಟು ಹೆಚ್ಚಿಸಿ. ಮೂರನೇ ದಾರಿಯಿಲ್ಲ.

ಇನ್ವರ್ಟರಿನ ಕೂಗನ್ನು ಎಚ್ಚರಿಕೆ ಗಂಟೆ ಎಂದು ನಂಬಬೇಡಿ. ಇನ್ವರ್ಟರನ್ನು ಬ್ಯಾಟರಿ 10.5 ವೋಲ್ಟಿನ ಹತ್ತಿರ ಬಂದಾಗ ಬಂದ್ ಆಗುವಂತೆ ಮಾಡಿರುತ್ತಾರೆ. ಕೂಗುವ ಹೊತ್ತಿಗೆ ಅರ್ಧದ ಗಡಿ ದಾಟಿ ಬಹಳ ಹೊತ್ತಾಗಿರುತ್ತದೆ. ಪ್ಲೇಟಿಗೂ ಬ್ಯಾಟರಿಗೂ ನಡುವಿನ ಚಾರ್ಜ್ ಕಂಟ್ರೋಲರಿನಲ್ಲಿ ಕಟ್-ಆಫ್ ಬದಲಿಸುವ ಸೌಲಭ್ಯವಿದ್ದರೆ ಬಲ್ಬು, ಫ್ಯಾನಿನಂಥ ಸಣ್ಣ ಲೋಡಿಗೆ 11.7ರ ಆಸುಪಾಸಿಗೆ ಇಡಿ. ನೆನಪಿರಲಿ, ಬ್ಯಾಟರಿಗೆ ನೇರ ಕಚ್ಚಿಸಿದ ಇನ್ವರ್ಟರಿಗೆ ಈ ಕಾವಲು ಅನ್ವಯಿಸುವುದಿಲ್ಲ.

5. ದೊಡ್ಡ ಕೆಲಸ ನೆತ್ತಿಯ ಬಿಸಿಲಿನಲ್ಲಿ. ಮಿಕ್ಸಿ, ಲ್ಯಾಪ್‌ಟಾಪು, ಔಷಧಿ ಹೊಡೆಯುವ ಬ್ಯಾಟರಿ ಸ್ಪ್ರೇಯರಿನ ಚಾರ್ಜು, ಇವೆಲ್ಲ ಹನ್ನೊಂದರಿಂದ ಎರಡರೊಳಗೆ ಮುಗಿಯಲಿ. ಪ್ಲೇಟಿನ ಕರೆಂಟು ಬ್ಯಾಟರಿಗೆ ಹೋಗಿ ಮತ್ತೆ ಹೊರಬರುವ ನಷ್ಟ ತಪ್ಪುತ್ತದೆ. ಚಟ್ನಿಗೆ ಐದು ನಿಮಿಷ ಮಿಕ್ಸಿ ಹಾಕಿದರೆ ಹೋಗುವುದು ಬರೀ 40–50 ವ್ಯಾಟ್-ಅವರ್, ಅದಕ್ಕೆ ಹೆದರಬೇಕಿಲ್ಲ. ಅರ್ಧ ಗಂಟೆ ರೈಸ್ ಕುಕ್ಕರ್ ಇಟ್ಟರೆ 350 ಹೋಯಿತು. ನೀರು ಕಾಯಿಸುವ ಕೆಟಲ್, ಇಸ್ತ್ರಿಪೆಟ್ಟಿಗೆಯಂಥ ಶಾಖ ಹುಟ್ಟಿಸುವ ಯಾವುದೂ ಸಣ್ಣ ಬ್ಯಾಟರಿಗೆ ಆಗದು. ಅವಕ್ಕೆ ಗ್ಯಾಸೇ ಸರಿ.

6. ವೈರಿನಲ್ಲಿ ಕಳೆದುಕೊಳ್ಳಬೇಡಿ. 230 ವೋಲ್ಟಿನಲ್ಲಿ ಒಂದು ವೋಲ್ಟ್ ಹೋದರೆ ಗೊತ್ತೇ ಆಗುವುದಿಲ್ಲ, 12ರಲ್ಲಿ ಹೋದರೆ ಹನ್ನೆರಡನೇ ಒಂದು ಪಾಲು ಹೋದಂತೆ. 2.5 ಚದರ ಮಿಲಿಮೀಟರಿನ ತಾಮ್ರದ ವೈರಿನಲ್ಲಿ 10 ಆಂಪಿಯರ್ ಹತ್ತು ಮೀಟರ್ ದೂರ ಹೋಗಿ ಬಂದರೆ ಸುಮಾರು ಒಂದೂವರೆ ವೋಲ್ಟ್ ದಾರಿಯಲ್ಲೇ ಆವಿ. 6 ಚದರ ಮಿಲಿಮೀಟರಿನ ವೈರಾದರೆ 0.6. ಬ್ಯಾಟರಿಯನ್ನು ಪ್ಲೇಟಿಗೆ ಹತ್ತಿರ ಇಡಿ. ಆಗದಿದ್ದರೆ ದಪ್ಪ ವೈರು ಹಾಕಿಸಿ.

ಬಿಸಿಲು ಬೇಕು, ಬಿಸಿ ಬೇಡ

ಹೊಸಬರಿಗೆ ವಿಚಿತ್ರವೆನಿಸುವ ಸಂಗತಿ: ಪ್ಲೇಟಿಗೆ ಬೇಕಿರುವುದು ಬೆಳಕು, ಬಿಸಿಯಲ್ಲ. 25 ಡಿಗ್ರಿಯ ಮೇಲೆ ಪ್ರತಿ ಡಿಗ್ರಿಗೆ ನೂರಕ್ಕೆ 0.4ರಷ್ಟು ಉತ್ಪಾದನೆ ಇಳಿಯುತ್ತದೆ. ಏಪ್ರಿಲ್ ಮಧ್ಯಾಹ್ನ 65 ಡಿಗ್ರಿ ಕಾದ ಪ್ಲೇಟಿನಲ್ಲಿ ಆರನೇ ಒಂದು ಪಾಲು ಇಲ್ಲವಾಗಿರುತ್ತದೆ. ಆದ್ದರಿಂದ ಪ್ಲೇಟನ್ನು ತಗಡಿಗೆ ಅಂಟಿಸಿ ಮಲಗಿಸಬೇಡಿ, ಕೆಳಗೆ ಗಾಳಿಯಾಡಲು ನಾಲ್ಕೈದು ಇಂಚು ಬಿಡಿ. ಮಡಕಶಿರಾ, ರಾಯದುರ್ಗ ಎರಡೂ 14 ಡಿಗ್ರಿ ಅಕ್ಷಾಂಶದ ಆಸುಪಾಸಿನಲ್ಲಿವೆ. ದಕ್ಷಿಣಕ್ಕೆ ಮುಖಮಾಡಿ 15 ಡಿಗ್ರಿ ಓರೆ ಕೊಟ್ಟರೆ ಸಾಕು.

ಹಗರಿ ಹೊಳೆಯ ಮರಳು ಗಾಳಿಗೆ ಹಾರಿ ಕಣೇಕಲ್ಲಿನ ಕಡೆ ದಿಬ್ಬಗಳೇ ಎದ್ದಿವೆ. ಆ ಧೂಳು ಪ್ಲೇಟನ್ನು ಬಿಡುತ್ತದೆಯೇ? ವಾರಕ್ಕೊಮ್ಮೆ, ಬೇಸಿಗೆಯಲ್ಲಿ ಎರಡು ಸಲ, ಬೆಳಗಿನ ತಂಪಿನಲ್ಲಿ ನೀರು ಹೊಯ್ದು ಮೆತ್ತನೆ ಬಟ್ಟೆಯಲ್ಲಿ ಒರೆಸಿ. ಮಧ್ಯಾಹ್ನ ಕಾದ ಗಾಜಿನ ಮೇಲೆ ತಣ್ಣೀರು ಸುರಿದರೆ ಗಾಜು ಬಿರಿಯಬಹುದು. ಬೋರಿನ ಗಡಸು ನೀರಾದರೆ ಒಣಗುವ ಮುಂಚೆ ಒರೆಸದಿದ್ದಲ್ಲಿ ಬಿಳಿ ಕಲೆ ಕೂರುತ್ತದೆ.

ನೆರಳಂತೂ ಧೂಳಿಗಿಂತ ಕೆಟ್ಟದ್ದು. ಪ್ಲೇಟಿನ ಒಳಗಿನ ಬಿಲ್ಲೆಗಳು ಒಂದರ ಹಿಂದೆ ಒಂದು ಸಾಲಾಗಿ ಜೋಡಣೆಯಾಗಿರುತ್ತವೆ. ಒಂದು ತೆಂಗಿನ ಗರಿಯ ನೆರಳು ಒಂದೆರಡು ಬಿಲ್ಲೆಯ ಮೇಲೆ ಬಿದ್ದರೂ ಆ ಸಾಲಿನ ಕರೆಂಟೆಲ್ಲ ತಗ್ಗುತ್ತದೆ. ಅಡಿಕೆ ತೋಟದ ಮನೆಗಳಲ್ಲಿ ಮೂರು ಗಂಟೆಯ ಮೇಲೆ ಚಾರ್ಜ್ ನಿಲ್ಲುವುದು ಬಹುಪಾಲು ಇದರಿಂದಲೇ. ಮನೆಯ ಮೇಲೆ ಜಾಗವಿಲ್ಲದಿದ್ದರೆ ಬೋರಿನ ಬಳಿ ಬಯಲಿನಲ್ಲಿ ಕಂಬ ನೆಟ್ಟು ಕಟ್ಟಿ.

ಬ್ಯಾಟರಿಗೂ ಸೆಕೆ ಶತ್ರುವೇ. 25 ಡಿಗ್ರಿಯ ಮೇಲೆ ಪ್ರತಿ ಎಂಟು–ಹತ್ತು ಡಿಗ್ರಿ ಏರಿದಂತೆ ಸೀಸದ ಬ್ಯಾಟರಿಯ ಆಯಸ್ಸು ಅರ್ಧವಾಗುತ್ತದೆ ಎಂಬುದು ಈ ಕಸುಬಿನವರ ಲೆಕ್ಕ. ತಗಡಿನ ಶೆಡ್ಡಿನಲ್ಲಿ ಅಟ್ಟದ ಮೇಲೆ ಇಟ್ಟ ಬ್ಯಾಟರಿ ಎರಡು ವರ್ಷ ಬಾಳಿದರೆ ಪುಣ್ಯ. ಪಡುವಣ ಗೋಡೆ ಬಿಟ್ಟು, ನೆಲದ ಮಟ್ಟದಲ್ಲಿ, ಹಲಗೆಯ ಮೇಲೆ, ಗಾಳಿಯಾಡುವ ಕಡೆ ಇಡಿ. ಸೆಕೆಯಲ್ಲಿ ಚಾರ್ಜಿನ ವೋಲ್ಟನ್ನೂ ಸ್ವಲ್ಪ ತಗ್ಗಿಸಬೇಕು: 40 ಡಿಗ್ರಿಯಲ್ಲಿ 14.4ರ ಬದಲು 14ರ ಸುಮಾರು. ಒಳ್ಳೆಯ ಕಂಟ್ರೋಲರು ತಾನೇ ಇದನ್ನು ನೋಡಿಕೊಳ್ಳುತ್ತದೆ, ಕೊಳ್ಳುವಾಗ ಕೇಳಿ.

ಗಾಡಿಯಲ್ಲಿ ತಿರುಗುವವರಿಗೆ

ಕ್ಯಾರವಾನಿನ ಇಕ್ಕಟ್ಟೇ ಬೇರೆ. ಮಲಗುವವರಿಗೆ ಹುಣಸೆ ಮರದ ನೆರಳು ಬೇಕು, ಪ್ಲೇಟಿಗೆ ಬಯಲು ಬೇಕು. ಗಾಡಿಯ ನೆತ್ತಿಗೆ ಎಲ್ಲ ಪ್ಲೇಟನ್ನೂ ಬಿಗಿದವರು ಗಾಡಿಯನ್ನೇ ಬಿಸಿಲಿಗೆ ನಿಲ್ಲಿಸಿ ಒಳಗೆ ಬೇಯುತ್ತಾರೆ. ಒಂದಾದರೂ ಮಡಚುವ ಪ್ಲೇಟು, ಹತ್ತು ಮೀಟರ್ ದಪ್ಪ ವೈರು ಜೊತೆಗಿರಲಿ. ಗಾಡಿ ನೆರಳಲ್ಲಿ, ಪ್ಲೇಟು ಬಿಸಿಲಲ್ಲಿ.

ಗಾಡಿ ಸ್ಟಾರ್ಟ್ ಮಾಡುವ ಬ್ಯಾಟರಿಯಿಂದ ಮನೆಯ ಲೋಡು ಓಡಿಸಲೇಬೇಡಿ. ಅದರ ತೆಳು ತಗಡುಗಳು ಕೆಲವು ಸೆಕೆಂಡು ಜೋರಾಗಿ ಎಳೆಯಲು ಮಾಡಿದವು, ರಾತ್ರಿಯಿಡೀ ಫ್ಯಾನು ತಿರುಗಿಸಲು ಅಲ್ಲ. ಮನೆಗೆ ಬೇರೆ ಬ್ಯಾಟರಿ ಇಟ್ಟು, ಓಡುವಾಗ ಆಲ್ಟರ್ನೇಟರಿನಿಂದ ಅದು ತುಂಬುವಂತೆ ಡಿಸಿ-ಡಿಸಿ ಚಾರ್ಜರ್ ಹಾಕಿಸಿ. ಈಚಿನ ಗಾಡಿಗಳ ಆಲ್ಟರ್ನೇಟರ್ ತನಗೆ ಬೇಕಾದಂತೆ ವೋಲ್ಟ್ ಇಳಿಸುವುದರಿಂದ ಬರೀ ವೈರು ಎಳೆದು ಜೋಡಿಸಿದರೆ ಪೂರ್ತಿ ತುಂಬುವುದಿಲ್ಲ.

ಗಾಡಿಗೆ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಹೇಳಿ ಮಾಡಿಸಿದಂತಿದೆ. 100 ಎಎಚ್‌ನದು ಹನ್ನೆರಡು ಕಿಲೋ ಆಸುಪಾಸು. ಅದರ 1,280 ವ್ಯಾಟ್-ಅವರ್‌ನಲ್ಲಿ ಸಾವಿರವನ್ನು ಧೈರ್ಯವಾಗಿ ಬಳಸಬಹುದು. ಅಷ್ಟೇ ಕೊಡುವ ಟ್ಯೂಬುಲರ್ ಬ್ಯಾಟರಿ ಐವತ್ತು ಕಿಲೋ ದಾಟುತ್ತದೆ. ಆದರೆ ಇದರ ವೋಲ್ಟ್ ನೋಡಿ ಹೊಟ್ಟೆ ಎಷ್ಟು ತುಂಬಿದೆ ಎಂದು ಹೇಳಲಾಗದು. ಬಹುಪಾಲು ಹೊತ್ತು 13.2ರ ಸುಮಾರಿನಲ್ಲೇ ನಿಂತು, ಕೊನೆಗೆ ಒಳಗಿನ ರಕ್ಷಣಾ ಸರ್ಕ್ಯೂಟು ಫಕ್ಕನೆ ಬಂದ್ ಮಾಡುತ್ತದೆ. ಒಳಹೋದ ಹೊರಬಂದ ಕರೆಂಟನ್ನು ಕೂಡಿ ಕಳೆಯುವ ಶಂಟ್ ಮೀಟರ್ ಹಾಕಿಸಿ. ಇದನ್ನು ಚಾರ್ಜ್ ಮಾಡಲು ಸಾಮಾನ್ಯವಾಗಿ 45 ಡಿಗ್ರಿ ಮಿತಿ. ಬಾಗಿಲು ಮುಚ್ಚಿ ಬಿಸಿಲಿಗೆ ನಿಲ್ಲಿಸಿದ ಗಾಡಿ ಈ ಸೀಮೆಯ ಬೇಸಿಗೆಯಲ್ಲಿ ಅದನ್ನು ಸುಲಭವಾಗಿ ದಾಟುತ್ತದೆ.

ಏಸಿಯ ಆಸೆ ಬಿಡಿ. ಒಂದು ಟನ್ನಿನ ಏಸಿ ಸಾವಿರ ವ್ಯಾಟ್ ಎಳೆದರೆ ಆ ಬ್ಯಾಟರಿ ಒಂದು ಗಂಟೆಗೆ ಮುಗಿಯಿತು.

ಎಚ್ಚರಿಕೆ

ಬ್ಯಾಟರಿಯ ಪ್ಲಸ್ ಕಡೆಯಿಂದ ಒಂದು ಗೇಣಿನೊಳಗೆ ಫ್ಯೂಸು ಇರಲೇಬೇಕು. 12 ವೋಲ್ಟು ಶಾಕ್ ಹೊಡೆಯದು, ನಿಜ. ಆದರೆ ಶಾರ್ಟ್ ಆದರೆ ನೂರಾರು ಆಂಪಿಯರ್ ಹರಿದು ವೈರು ಕೆಂಡವಾಗುತ್ತದೆ. ಸ್ಪ್ಯಾನರ್ ಹಿಡಿಯುವ ಮುಂಚೆ ಉಂಗುರ, ಕೈಬಳೆ ತೆಗೆಯಿರಿ. ಚಾರ್ಜ್ ಆಗುವ ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತದೆ. ಬೀಡಿ ಹಚ್ಚಿಕೊಂಡು ಮುಚ್ಚಳ ತೆಗೆದು ಬಗ್ಗಿ ನೋಡಬೇಡಿ, ಬ್ಯಾಟರಿ ಇರುವ ಕೋಣೆಯಲ್ಲಿ ಗ್ಯಾಸ್ ಒಲೆ ಇಡಬೇಡಿ. ಆಸಿಡ್ ಕಣ್ಣಿಗೆ ಸಿಡಿದರೆ ಹದಿನೈದು ನಿಮಿಷ ಬಿಡದೆ ನೀರು ಹಾಕಿ ತೊಳೆದು ಆಸ್ಪತ್ರೆಗೆ ಹೊರಡಿ.

ಎಲ್ಲರೂ ಮಾಡುವ ತಪ್ಪುಗಳು

ಬ್ಯಾಟರಿಗೆ ಬೋರ್ ನೀರು ಹಾಕುವುದು ತಪ್ಪೆಂದು ಈಗ ಬಹಳ ಜನಕ್ಕೆ ಗೊತ್ತು. ಫಿಲ್ಟರ್ ನೀರು ಆಗಬಹುದು ಎಂದುಕೊಂಡವರು ಇನ್ನೂ ಇದ್ದಾರೆ. ಕುಡಿಯುವ ಫಿಲ್ಟರ್ ನೀರಿನಲ್ಲೂ ಲವಣ ಉಳಿದಿರುತ್ತದೆ. ಡಿಸ್ಟಿಲ್ಡ್ ವಾಟರನ್ನೇ ಹಾಕಿ, ಅದೂ ಚಾರ್ಜ್ ಪೂರ್ತಿಯಾದ ಮೇಲೆ. ಮುಂಚೆಯೇ ಕಂಠಮಟ್ಟ ತುಂಬಿದರೆ ಚಾರ್ಜ್ ಆಗುವಾಗ ಉಬ್ಬಿ ಆಸಿಡ್ ಹೊರಚೆಲ್ಲುತ್ತದೆ. ಇಳಿದಿರುವುದು ನೀರು ಮಾತ್ರ, ಆದ್ದರಿಂದ ಹೊಸ ಆಸಿಡ್ ಸುರಿಯಬೇಡಿ.

ದುಬಾರಿ ತಪ್ಪು ಇನ್ನೊಂದು. 330 ವ್ಯಾಟಿನ ದೊಡ್ಡ ಪ್ಲೇಟು ಅಗ್ಗಕ್ಕೆ ಸಿಕ್ಕಿತೆಂದು ತಂದು, ಸಣ್ಣ ಪಿಡಬ್ಲ್ಯುಎಂ ಕಂಟ್ರೋಲರಿಗೆ ಜೋಡಿಸುವುದು. ಆ ಪ್ಲೇಟು ದುಡಿಯುವುದು 37 ವೋಲ್ಟಿನ ಹತ್ತಿರ, 9 ಆಂಪಿಯರಿನಲ್ಲಿ. ಪಿಡಬ್ಲ್ಯುಎಂ ಅದನ್ನು ಬ್ಯಾಟರಿಯ 13 ವೋಲ್ಟಿಗೆ ಎಳೆದು ಕೂರಿಸುತ್ತದೆ. ಆಂಪಿಯರ್ ಹೆಚ್ಚುವುದಿಲ್ಲವಾದ್ದರಿಂದ ಸಿಗುವುದು 120 ವ್ಯಾಟು! ಪ್ಲೇಟಿನ ತೆರೆದ ವೋಲ್ಟು 45 ದಾಟುವುದರಿಂದ ಕೆಲವು ಕಂಟ್ರೋಲರು ಸುಟ್ಟೇ ಹೋಗುತ್ತವೆ. ಇಂಥ ಪ್ಲೇಟಿಗೆ ಹೆಚ್ಚಿನ ವೋಲ್ಟನ್ನು ಆಂಪಿಯರಾಗಿ ಬದಲಿಸಿಕೊಡುವ ಎಂಪಿಪಿಟಿ ಕಂಟ್ರೋಲರ್ ಬೇಕು.

ಹಳೇ ಬ್ಯಾಟರಿಗೆ ಹೊಸದನ್ನು ಜೋಡಿಸಿದರೆ ಹಳೆಯದು ಹೊಸದನ್ನೂ ಎಳೆದುಕೊಂಡೇ ಕೆಡುತ್ತದೆ. ಜೋಡಿ ಬೇಕಿದ್ದರೆ ಒಂದೇ ದಿನ, ಒಂದೇ ಕಂಪನಿಯ ಎರಡು ತನ್ನಿ.

ಬೆಳೆ ಮುಗಿಯಿತೆಂದು ಶೆಡ್ಡಿಗೆ ಬೀಗ ಹಾಕಿ ಎರಡು ತಿಂಗಳು ಊರಿಗೆ ಹೋಗುವವರು ಬ್ಯಾಟರಿಯನ್ನು ಪೂರ್ತಿ ತುಂಬಿಸಿ, ಲೋಡೆಲ್ಲ ಕಿತ್ತು, ಪ್ಲೇಟು ಮತ್ತು ಕಂಟ್ರೋಲರಿನ ಜೋಡಣೆ ಮಾತ್ರ ಉಳಿಸಿ ಹೋಗಬೇಕು. ಲಿಥಿಯಂ ಆದರೆ ಉಲ್ಟಾ: ಅರ್ಧ ತುಂಬಿರುವಾಗಲೇ ಜೋಡಣೆ ಬಿಚ್ಚಿ ತಂಪು ಜಾಗದಲ್ಲಿಡಿ.

ಕೊನೆಗೆ ಹಳೇ ಬ್ಯಾಟರಿ. ಅದರೊಳಗಿನ ಸೀಸಕ್ಕೆ ಬೆಲೆಯಿದೆ. ಹೊಸದು ತರುವಾಗ ಅಂಗಡಿಯವರು ಅದನ್ನು ಹಿಂದಕ್ಕೆ ಪಡೆದು ಬೆಲೆಯಲ್ಲಿ ಮುರಿದುಕೊಳ್ಳುತ್ತಾರೆ. ಸವೆದ ಬ್ಯಾಟರಿಯನ್ನು ವಾಪಸು ಪಡೆಯುವ ಹೊಣೆಯನ್ನು ತಯಾರಕರ ಮೇಲೆ ಹಾಕಿದ ಕೇಂದ್ರದ ನಿಯಮವೂ 2022ರಿಂದ ಜಾರಿಯಲ್ಲಿದೆ. ಗುಜರಿಯವರು ತೂಕಕ್ಕೆ ಕೊಳ್ಳುವಾಗ ‘ಆಸಿಡ್ ಚೆಲ್ಲಿ ಕೊಡಿ’ ಎಂದರೆ ಒಪ್ಪಬೇಡಿ. ಹೊಲದ ಬದುವಿಗೆ ಸುರಿದ ಆ ನೀರಿನಲ್ಲಿ ಸೀಸವೂ ಇರುತ್ತದೆ, ಮತ್ತು ಬದುವಿನ ಹುಲ್ಲು ಮೇಯಲು ಬರುವುದು ನಿಮ್ಮದೇ ಕುರಿ.